ಮನೆ ಕಾರಿನ ಎಡವಟ್ಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ ಬಿಟ್ಟು ಪುಣೆಯ ಕೋಥ್ರೂಡ್‌ಗೆ ಬಂದು 22 ವರ್ಷವಾಯಿತು. ಕೆಲಸ ಚಾಕಣ್ ಕಡೆ, ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ. ಇಷ್ಟು ಗೊತ್ತಾದದ್ದೇ ತಡ, ಇಲ್ಲಿನ ಕನ್ನಡದವರು ನನ್ನನ್ನು ಕಾರಿನ ಡಾಕ್ಟರ್ ಮಾಡಿಬಿಟ್ಟಿದ್ದಾರೆ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ, ಡೊಂಬಿವಲಿಯ ಮದುವೆಮನೆಯಲ್ಲಿ, ಮಡಗಾವ್‌ನಲ್ಲಿರುವ ಷಡ್ಡಕನ ಮನೆಯಲ್ಲಿ, ಎಲ್ಲೇ ಸಿಕ್ಕರೂ ಅವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಎಂಜಿನ್ ಕೆಟ್ಟರೆ ನನ್ನನ್ನು ಕೇಳಬೇಡಿ. ಕಾರು ಸರಿಯಾಗಿದ್ದೂ ದಿನಾ ಕಾಡುತ್ತದಲ್ಲ, ಅದರ ಬಗ್ಗೆ ಮಾತ್ರ ಇಲ್ಲಿದೆ.

ಹಿಂದಿನ ಬಾಗಿಲಿನ ಗಾಜು ಯಾಕೆ ಪೂರ್ತಿ ಇಳಿಯಲ್ಲ?

ನನ್ನ ಅನ್ನ ಇದರಲ್ಲೇ ಇರುವುದರಿಂದ ಇದನ್ನೇ ಮೊದಲು ಹೇಳುತ್ತೇನೆ. ಶೋರೂಮಿನಲ್ಲಿ ಕೇಳಿದರೆ "ಮಕ್ಕಳ ಸೇಫ್ಟಿಗೆ ಸಾರ್" ಅನ್ನುತ್ತಾರೆ. ಅದು ಆಮೇಲೆ ಕಟ್ಟಿದ ಮಾತು. ಹಿಂದಿನ ಬಾಗಿಲು ತೆರೆದು ಪಕ್ಕದಿಂದ ನೋಡಿ. ಮೇಲೆ ಅಗಲವಾಗಿರುತ್ತದೆ. ಕೆಳಗೆ ಚಕ್ರಕ್ಕೆ ಜಾಗ ಬಿಡಲು ಕಮಾನಿನ ಹಾಗೆ ಕತ್ತರಿಸಿರುತ್ತಾರೆ. ಗಾಜು ಬಾಗಿಲಿನ ಹೊಟ್ಟೆಯೊಳಗೆ ಇಳಿಯಬೇಕು, ಮಡಚಿಕೊಳ್ಳೋಕೆ ಅದೇನು ಚಾಪೆಯಲ್ಲ. ಇಳಿಯುತ್ತಾ ಇಳಿಯುತ್ತಾ ಅದರ ಹಿಂದಿನ ಮೂಲೆ ಆ ಕಮಾನಿಗೆ ಮುಟ್ಟುತ್ತದೆ. ಅಲ್ಲಿಗೆ ನಿಲ್ಲಿಸಲೇಬೇಕು.

ಹಳೇ ಕಾರುಗಳಲ್ಲಿ ಹಿಂದಿನ ಕಿಟಕಿಯ ಕೊನೆಗೆ ಒಂದು ಪುಟ್ಟ ತ್ರಿಕೋನದ ಗಾಜು ಅಲುಗದೆ ಕೂತಿರುತ್ತಿತ್ತು, ನೆನಪಿದೆಯಾ? ಆ ತುಂಡನ್ನು ಬೇರೆ ಮಾಡಿದ್ದರಿಂದ ಉಳಿದ ಗಾಜು ಕಿರಿದಾಗಿ ಕೆಳಗಿನವರೆಗೂ ಇಳಿಯುತ್ತಿತ್ತು. ಈಗಲೂ ಕೆಲವು ಕಾರಿನಲ್ಲಿದೆ. ಆದರೆ ಅದಕ್ಕೆ ಒಂದು ಕಂಬಿ ಬೇಕು, ಒಂದು ಗಾಜು ಬೇಕು, ಸುತ್ತ ರಬ್ಬರ್ ಬೇಕು. ನಮ್ಮಂಥವರಿಗೆ ಆರ್ಡರ್, ಕಾರು ಮಾಡುವವರಿಗೆ ಖರ್ಚು. ಅದೂ ಅಲ್ಲದೆ ಒಂದೇ ದೊಡ್ಡ ಗಾಜು ನೋಡಲು ಚೆಂದ.

ಒಂದು ಸಲ ಊರಿಗೆ ಹೊರಟಿದ್ದೆವು. ಖಂಬಾಟ್ಕಿ ಘಾಟ್‌ನ ಎರಡನೇ ತಿರುವಿಗೇ ಹಿಂದೆ ಕೂತಿದ್ದ ಅವ್ವನಿಗೆ ಹೊಟ್ಟೆ ತೊಳಸಿತು. ಗಾಜು ಇಳಿಸಿದರೆ ಅದು ಅವಳ ಗದ್ದದ ಮಟ್ಟಕ್ಕೆ ಬಂದು ನಿಂತಿತು. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡೇ, "ಎಂಥಾ ಕಾರೋ ಇದು, ವಾಂತಿ ಮಾಡ್ಕೋಬೇಕಂದ್ರೂ ಎದ್ದ ನಿಂದರಬೇಕಲ್ಲೋ" ಅಂದಳು. ಈಗಿನ ಕಾರುಗಳ ಕಿಟಕಿಯ ಅಂಚೂ ಎತ್ತರ. ಗಟ್ಟಿಮುಟ್ಟಾಗಿ ಕಾಣಲಿ ಅಂತ ಹಾಗೆ ಮಾಡುತ್ತಾರೆ. ಹಿಂದೆ ಕೂತವರಿಗೆ ರಸ್ತೆ ಕಾಣಲ್ಲ, ದೇಹ ಮಾತ್ರ ಅತ್ತಿತ್ತ ಓಲಾಡುತ್ತದೆ, ಅದಕ್ಕೇ ತಲೆ ಸುತ್ತುವುದು ಜಾಸ್ತಿ. ಕಾರು ಕೊಂಡ ಮೇಲೆ ಇದಕ್ಕೆ ಮದ್ದಿಲ್ಲ. ಕೊಳ್ಳುವ ಮುಂಚೆ ಹಿಂದೆ ಕೂತು ಗಾಜು ಇಳಿಸಿ ನೋಡಿ.

ಎಸಿ ಕಮ್ಮಿ ಮಾಡಲೂ ಸ್ಕ್ರೀನ್ ಒತ್ತಬೇಕು. ಇದು ಯಾರ ತಲೆಗೆ ಹೊಳೆದದ್ದು?

ಲೆಕ್ಕ ಹಾಕುವವರ ತಲೆಗೆ. ಒಂದೊಂದು ಬಟನ್‌ಗೂ ಅಚ್ಚು ಬೇಕು, ಒಳಗೆ ಪುಟ್ಟ ದೀಪ ಬೇಕು, ವೈರ್ ಬೇಕು, ಆಮೇಲೆ ಸಾವಿರಾರು ಸಲ ಒತ್ತಿ ಪರೀಕ್ಷೆ ಮಾಡಬೇಕು. ಸ್ಕ್ರೀನ್ ಹೇಗೂ ರಿವರ್ಸ್ ಕ್ಯಾಮೆರಾಕ್ಕೆ, ಮ್ಯಾಪಿಗೆ ಬೇಕೇ ಬೇಕು. ಎಲ್ಲವನ್ನೂ ಅದರೊಳಗೇ ತುರುಕಿದರೆ ಅಷ್ಟು ಉಳಿತಾಯ, ಜತೆಗೆ "ಹೈಟೆಕ್" ಅಂತ ಹೆಸರು.

2022ರಲ್ಲಿ ಸ್ವೀಡನ್ನಿನ ವಿ ಬಿಲ್ಯಾಗರೆ ಎಂಬ ಕಾರು ಪತ್ರಿಕೆ ಒಂದು ಪರೀಕ್ಷೆ ಮಾಡಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ಎಸಿ, ರೇಡಿಯೋದಂಥ ಸಣ್ಣಪುಟ್ಟ ಕೆಲಸ ಮಾಡಬೇಕು. ಬಟನ್ ಇದ್ದ 2005ರ ಹಳೇ ವೋಲ್ವೋದಲ್ಲಿ 10 ಸೆಕೆಂಡ್ ಸಾಕಾಯಿತು. ಸ್ಕ್ರೀನ್ ಇದ್ದ ಹೊಸ ಕಾರುಗಳಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದದ್ದಕ್ಕೆ 44.6 ಸೆಕೆಂಡ್ ಹಿಡಿಯಿತು. ಅಷ್ಟರಲ್ಲಿ ಕಾರು ಒಂದೂಕಾಲು ಕಿಲೋಮೀಟರಿಗೂ ಜಾಸ್ತಿ ಮುಂದೆ ಹೋಗಿರುತ್ತದೆ. ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ಲೈಟ್, ತುರ್ತು ಕರೆ ಇವಕ್ಕೆ ಕೈಗೆ ಸಿಗುವ ಬೇರೆ ಬಟನ್ ಇಲ್ಲದಿದ್ದರೆ ಪೂರ್ತಿ ಐದು ಸ್ಟಾರ್ ಕೊಡಲ್ಲ ಎಂದಿದ್ದಾರೆ. ಎಸಿ ಆ ಪಟ್ಟಿಯಲ್ಲಿಲ್ಲ. ಬಹುಶಃ ಅವರು ಜುಲೈನಲ್ಲಿ ಖಂಡಾಲಾಕ್ಕೆ ಬಂದಿಲ್ಲ!

ಅಲ್ಲಿ ಸುರಂಗದಿಂದ ಹೊರಗೆ ಬಿದ್ದ ಕೂಡಲೇ ಮಳೆ, ಮಂಜು ಎರಡೂ ಒಟ್ಟಿಗೆ ಮುತ್ತಿಕೊಳ್ಳುತ್ತವೆ. ಒಳಗೆ ಐದು ಜನರ ಉಸಿರು. ಮುಂದಿನ ಗಾಜು ನೋಡನೋಡುತ್ತಲೇ ಬೆಳ್ಳಗಾಗುತ್ತದೆ. ಆಗ ಸ್ಕ್ರೀನ್ ಮೇಲೆ ಫ್ಯಾನ್ ಚಿತ್ರ, ಅದರೊಳಗೆ ಗಾಳಿ ಎತ್ತ ಹೋಗಬೇಕೆಂಬ ಚಿತ್ರ, ಅದರೊಳಗೆ ಗಾಜಿನ ಚಿತ್ರ ಹುಡುಕುತ್ತಾ ಕೂರಬೇಕು. ಎದುರಿಗೆ ಟ್ರಕ್. ಇಂಥ ಹೊತ್ತಿಗೆ ಎಸಿ ಆನ್ ಇರಲಿ, ಗಾಳಿ ಮುಂದಿನ ಗಾಜಿಗೆ ಬೀಳಲಿ, ಹೊರಗಿನ ಗಾಳಿ ಒಳಗೆ ಬರುವಂತೆ ಇರಲಿ. ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದ್ದರೆ ಮಂಜು ಬೇಗ ಹೋಗಲ್ಲ. ಇದನ್ನೆಲ್ಲ ಘಾಟ್ ಬರುವ ಮುಂಚೆಯೇ ಮಾಡಿಟ್ಟುಕೊಳ್ಳಿ.

ನಾಲ್ಕು ಜನರ ಲಗೇಜ್ ಹಿಡಿಸಲ್ಲ. ಡಿಕ್ಕಿ ಯಾಕೆ ಇಷ್ಟು ಚಿಕ್ಕದು?

ಕಾರಿನ ಉದ್ದ ಅಳೆದದ್ದು ನಿಮ್ಮ ಲಗೇಜ್ ನೋಡಿ ಅಲ್ಲ, ತೆರಿಗೆ ನೋಡಿ. 2006ರ ಬಜೆಟ್‌ನಲ್ಲಿ ಚಿಕ್ಕ ಕಾರು ಅಂದರೆ ಏನು ಎಂದು ಸರ್ಕಾರ ಗೆರೆ ಹಾಕಿತು: ಉದ್ದ ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ, ಡೀಸೆಲ್ ಆದರೆ 1500 ಸಿಸಿ ಒಳಗೆ. ಅಂಥದ್ದಕ್ಕೆ ತೆರಿಗೆ ಕಮ್ಮಿ. ಈಗಲೂ ಆ ಗೆರೆ ಹೋಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಕಾರಿಗೆ ಜಿಎಸ್‌ಟಿ 18%, ದಾಟಿದರೆ 40%. ಮನೆ ಕಟ್ಟುವವರು ಸೈಟ್ ಅಳತೆಗೆ ಅಡುಗೆಮನೆ ಚಿಕ್ಕದು ಮಾಡಿದ ಹಾಗೆ ಇದು.

ಸ್ವಿಫ್ಟ್ ಡಿಜೈರ್‌ನದೇ ಉದಾಹರಣೆ ತಗೊಳ್ಳಿ. 2008ರಲ್ಲಿ ಬಂದಾಗ 4160 ಮಿಲಿಮೀಟರ್ ಉದ್ದವಿತ್ತು, ಡಿಕ್ಕಿ 440 ಲೀಟರ್. 2012ರಲ್ಲಿ ಅದನ್ನು 3995ಕ್ಕೆ ಇಳಿಸಿದರು, ಡಿಕ್ಕಿ 316 ಲೀಟರ್ ಆಯಿತು. ಹಿಂದಿನಿಂದ ಯಾರೋ ಒದ್ದು ಒಳಗೆ ತಳ್ಳಿದ ಹಾಗೆ ಕಾಣುವ ಕಾರುಗಳೆಲ್ಲ ಇದೇ ಗೆರೆಯ ಕೂಸುಗಳು. ಬೆಲೆ ಕಮ್ಮಿಯಾಯಿತು, ಜನ ಕೊಂಡರು. ಕಂಪನಿಯವರನ್ನು ಬೈದು ಏನು ಪ್ರಯೋಜನ?

ಏಳು ಸೀಟಿನ ಕಾರು ತಗೊಂಡರೆ ಜಾಗ ಸಿಗುತ್ತದಲ್ಲ?

ಏಳು ಜನ ಅಥವಾ ಲಗೇಜ್, ಯಾವುದಾದರೂ ಒಂದು. ಎರ್ಟಿಗಾದಲ್ಲಿ ಮೂರನೇ ಸಾಲು ಎತ್ತಿದ್ದರೆ ಉಳಿಯುವುದು 209 ಲೀಟರ್. ನಾಲ್ಕು ಮೀಟರ್ ಒಳಗೇ ಏಳು ಸೀಟು ಕೂಡಿಸಿದ ಟ್ರೈಬರ್‌ನಲ್ಲಿ 84 ಲೀಟರ್. ಅದರ ಮೂರನೇ ಸಾಲು ಬಿಚ್ಚಿ ಮನೆಯಲ್ಲಿಟ್ಟರೆ 625 ಲೀಟರ್ ಸಿಗುತ್ತದೆ, ಅದು ಜಾಣತನವೇ. ಆದರೆ ನಮ್ಮ ಕಡೆಯವರು ಊರಿಂದ ಬರುವಾಗ ಏಳು ಜನರ ಜತೆ ಒಂದು ಚೀಲ ಜೋಳ, ರೊಟ್ಟಿ ಡಬ್ಬಿ, ಶೇಂಗಾ ಹಿಂಡಿ, ಅರ್ಧ ಚೀಲ ಬೆಲ್ಲ ಹೇರಿಕೊಂಡೇ ಬರುವವರು. ಅಂಥವರಿಗೆ ಏಳು ಸೀಟು ಕಾಗದದ ಮೇಲಿನ ಲೆಕ್ಕ.

ಸಿಎನ್‌ಜಿ ತಗೊಂಡೆ, ಡಿಕ್ಕಿಯೇ ಹೋಯಿತು. ಏನು ಮಾಡಲಿ?

ಒಂದೇ ದೊಡ್ಡ ಸಿಲಿಂಡರ್ ಇರುವ ಕಾರಿನಲ್ಲಿ ಏನೂ ಮಾಡಲು ಬರಲ್ಲ. 60 ಲೀಟರ್ ಸಿಲಿಂಡರ್ ಅಡ್ಡ ಮಲಗಿದರೆ ಒಂದು ಸೂಟ್‌ಕೇಸ್ ಕೂಡ ಸರಿಯಾಗಿ ಕೂರಲ್ಲ. 2023ರಲ್ಲಿ ಟಾಟಾದವರು ಆಲ್ಟ್ರೋಜ್‌ನಲ್ಲಿ 30 ಲೀಟರಿನ ಎರಡು ಸಿಲಿಂಡರ್ ಡಿಕ್ಕಿಯ ನೆಲದ ಕೆಳಗೆ ಅಕ್ಕಪಕ್ಕ ಮಲಗಿಸಿ, ಸ್ಟೆಪ್ನಿಯನ್ನು ಕಾರಿನ ಅಡಿಗೆ ಕಟ್ಟಿದರು. ಇಷ್ಟು ಸರಳ ಉಪಾಯ ಹೊಳೆಯಲು ಯಾಕೆ ಇಷ್ಟು ವರ್ಷ ಬೇಕಾಯಿತೋ. ಯಾವ ಥರದ್ದಾದರೂ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡ ಕೊಟ್ಟು ಗಟ್ಟಿ ಇದೆಯಾ ಅಂತ ನೋಡುವ ಪರೀಕ್ಷೆ, ಮಾಡಿಸಬೇಕು, ಮರೆಯಬೇಡಿ.

ಹೊಸ ಕಾರಿಗೆ ಸ್ಟೆಪ್ನಿಯೇ ಕೊಟ್ಟಿಲ್ಲ. ಮೋಸ ಅಲ್ವಾ?

ಕಾನೂನಿನ ಪ್ರಕಾರ ಅಲ್ಲ. 2020ರ ಅಕ್ಟೋಬರ್‌ನಿಂದ, ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ಪಂಕ್ಚರ್ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಮೊಳೆ ಚುಚ್ಚಿದರೆ ಕಿಟ್ ಸಾಕು. ಆದರೆ ಗುಂಡಿಗೆ ಬಿದ್ದು ಟೈರಿನ ಪಕ್ಕೆ ಹರಿದರೆ ಕಿಟ್ ಕೈಯಲ್ಲಿ ಹಿಡಿದು ನಿಲ್ಲುವುದೊಂದೇ ಗತಿ. ಚೋರ್ಲಾ ಘಾಟ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಆದರೆ ಏನು ಮಾಡುತ್ತೀರಿ? ಬೆಳಗಾವಿ–ಗೋವಾ ಓಡಾಡುವವರು ಸ್ಟೆಪ್ನಿ ಇರುವ ಕಾರನ್ನೇ ನೋಡಿ. ಚಿಕ್ಕ ಸ್ಟೆಪ್ನಿ ಕೊಟ್ಟಿದ್ದರೆ ಅದರ ಮೇಲೆ 80 ಅಂತ ಬರೆದಿರುತ್ತದೆ, ಅದಕ್ಕಿಂತ ಜೋರಾಗಿ ಓಡಿಸಬಾರದು.

ಅಂದಹಾಗೆ ಸ್ಟೆಪ್ನಿ ಅನ್ನುವುದು ಒಂದು ಬೀದಿಯ ಹೆಸರು. ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಎಂಬ ಅಣ್ಣತಮ್ಮ 1904ರಲ್ಲಿ ಇಂಥ ಚಕ್ರ ಮಾಡಿ ಮಾರಿದರು.

ಮಳೆ ಬಂದರೆ ಕಾರಿನೊಳಗೆ, ಕಾಲಡಿಗೆ ನೀರು. ಎಲ್ಲಿಂದ ಬರುತ್ತದೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ಬರುವ ಫೋನುಗಳಲ್ಲಿ ಅರ್ಧ ಇದಕ್ಕೇ. ಮೊದಲು ಯಾವಾಗ ಒದ್ದೆಯಾಗುತ್ತದೆ ನೋಡಿ. ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಹೋದಾಗ ಎಡಗಡೆ ಕಾಲಡಿ ಒದ್ದೆಯಾದರೆ ಅದು ಎಸಿಯ ನೀರು. ಕಾರಿನ ಅಡಿಗೆ ತೊಟ್ಟಿಕ್ಕಬೇಕಾದ ಕೊಳವೆ ಕಟ್ಟಿಕೊಂಡಿದೆ. ಗ್ಯಾರೇಜಿನಲ್ಲಿ ಗಾಳಿ ಹೊಡೆದರೆ ಸರಿಹೋಗುತ್ತದೆ.

ನಿಲ್ಲಿಸಿಟ್ಟ ಕಾರಿನೊಳಗೆ ಮಳೆಯ ಮಾರನೇ ದಿನ ನೀರಿದ್ದರೆ ವೈಪರ್ ಬುಡ ನೋಡಿ. ಅಲ್ಲೊಂದು ಕಪ್ಪು ಜಾಲರಿ ಇರುತ್ತದೆ. ಗಾಜಿನ ಮೇಲಿನ ನೀರೆಲ್ಲ ಅದರೊಳಗೆ ಬಿದ್ದು, ಎರಡು ಮೂಲೆಯ ತೂತಿನಿಂದ ಚಕ್ರದ ಹಿಂದೆ ಇಳಿದು ಹೋಗಬೇಕು. ಎಸಿಗೆ ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿಯೂ ಅಲ್ಲೇ. ಮರದ ಕೆಳಗೆ ಕಾರು ನಿಲ್ಲಿಸಿದರೆ ಸಣ್ಣ ಎಲೆಗಳು ಜಾಲರಿಯಲ್ಲಿ ಸೇರಿ ಕೊಳೆತು ತೂತು ಮುಚ್ಚುತ್ತವೆ. ಬಕೆಟ್ ತುಂಬಿದ ಹಾಗೆ ನೀರು ತುಂಬಿ ಆ ಬಾಯಿಯಿಂದ ಒಳಗೆ ಸುರಿಯುತ್ತದೆ. ನಮ್ಮ ಸೊಸೈಟಿಯಲ್ಲಿ ಗುಲ್‌ಮೊಹರ್ ಕೆಳಗೆ ನಿಲ್ಲುವ ನಮ್ಮದೇ ಕಾರಿನಿಂದ ನಾನು ಒಂದು ಹಿಡಿ ಕಪ್ಪು ಗೊಬ್ಬರ ತೆಗೆದಿದ್ದೇನೆ. ಅದರಲ್ಲಿ ಒಂದು ಸಸಿ ಕೂಡ ಹುಟ್ಟಿತ್ತು. ಹೆಂಡತಿ ಅದನ್ನು ತೆಗೆದು ಕುಂಡಕ್ಕೆ ಹಾಕಿದಳು. ಎಡವಟ್ಟು ಏನೆಂದರೆ, ಸುಮಾರು ಕಾರುಗಳಲ್ಲಿ ಆ ಜಾಗಕ್ಕೆ ಬೆರಳು ಹೋಗಲ್ಲ. ವೈಪರ್ ಬಿಚ್ಚಿ ಜಾಲರಿ ಎತ್ತಬೇಕು. ಮೇ ತಿಂಗಳ ಸರ್ವೀಸ್‌ನಲ್ಲಿ ಬಾಯಿಬಿಟ್ಟು ಹೇಳಿ ಮಾಡಿಸಿ, ಹೇಳದಿದ್ದರೆ ಯಾರೂ ಮುಟ್ಟಲ್ಲ.

ಇನ್ನೊಂದು, ನನ್ನ ಕಸುಬಿನ ಮಾತು. ಬಾಗಿಲಿನೊಳಗೆ ನೀರು ಹೋಗುವುದು ತಪ್ಪಲ್ಲ. ಗಾಜಿನ ಪಕ್ಕದ ರಬ್ಬರ್ ನೀರನ್ನು ಪೂರ್ತಿ ತಡೆಯಲ್ಲ, ಅದಕ್ಕಾಗಿಯೇ ಬಾಗಿಲಿನ ಕೆಳ ಅಂಚಿನಲ್ಲಿ ಪುಟ್ಟ ತೂತುಗಳಿರುತ್ತವೆ. ತುಕ್ಕು ಹಿಡಿಯದ ಹಾಗೆ ಕೋಟಿಂಗ್ ಮಾಡುತ್ತೇವೆ ಅಂತ ಕೆಲವರು ಆ ತೂತುಗಳನ್ನೇ ಮುಚ್ಚಿಬಿಡುತ್ತಾರೆ. ಆಮೇಲೆ ಬಾಗಿಲು ತೆರೆದಾಗ ಕೊಡದಲ್ಲಿ ನೀರು ಅಲುಗಿದಂತೆ ಗುಳುಗುಳು ಸದ್ದು. ಆ ಸದ್ದು ಕೇಳಿದರೆ ಒಂದು ಹಲ್ಲುಕಡ್ಡಿ ತಗೊಂಡು ಬಗ್ಗಿ.

ಸನ್‌ರೂಫ್ ಬೇಕಾ?

ಮಕ್ಕಳು ಬೇಕು ಅನ್ನುತ್ತಾರೆ. ನನ್ನನ್ನು ಕೇಳಿದರೆ ಬೇಡ. ಮಾರ್ಚ್‌ನಿಂದ ಮೇವರೆಗೆ ಪರದೆ ಎಳೆದೇ ಇಡಬೇಕು, ಆಮೇಲೆ ಮಳೆ. ಅದರ ಚೌಕಟ್ಟಿನಿಂದ ತಲೆಯ ಮೇಲಿನ ಜಾಗ ಕಮ್ಮಿಯಾಗುತ್ತದೆ. ಅದರ ನೀರು ಹೋಗುವ ಕೊಳವೆಗಳು ಕಂಬಗಳೊಳಗೆ ಇಳಿದಿರುತ್ತವೆ, ಧೂಳು ಕಟ್ಟಿಕೊಂಡರೆ ಚಾವಣಿ ಬಟ್ಟೆ ನೆನೆಯುತ್ತದೆ. ಇನ್ನು ಓಡುವ ಕಾರಿನಿಂದ ಮಕ್ಕಳನ್ನು ಹೊರಗೆ ನಿಲ್ಲಿಸುವವರ ಬಗ್ಗೆ ಬರೆದರೆ ಈ ಪುಟದ ಭಾಷೆ ಕೆಡುತ್ತದೆ.

ಮುಂಬೈಯಲ್ಲಿ ಕಾರು ನೀರಿನಲ್ಲಿ ಸಿಕ್ಕಿಕೊಂಡರೆ ಹೆಡ್‌ರೆಸ್ಟ್ ಕಿತ್ತು ಗಾಜು ಒಡೆಯಬಹುದಂತೆ, ಅದಕ್ಕೇ ಹಾಗೆ ಮಾಡಿದ್ದಾರಂತೆ. ನಿಜವಾ?

ಹೆಡ್‌ರೆಸ್ಟ್ ಕಿತ್ತುಬರುವುದು ಎತ್ತರ ಹೊಂದಿಸಲು. ಗಾಜು ಒಡೆಯಲಿ ಅಂತ ಮಾಡಿದ್ದಲ್ಲ. ಎಷ್ಟೋ ಅಗ್ಗದ ಕಾರುಗಳಲ್ಲಿ ಅದು ಸೀಟಿಗೇ ಅಂಟಿಕೊಂಡಿರುತ್ತದೆ, ಕೀಳಲೂ ಬರಲ್ಲ. ನನ್ನ ದೃಷ್ಟಿಯಲ್ಲಿ ದೊಡ್ಡ ಎಡವಟ್ಟು ಅದೇ. ಎತ್ತರದ ಮನುಷ್ಯನಿಗೆ ಅದು ಕತ್ತಿನ ಹತ್ತಿರ ಬರುತ್ತದೆ, ಹಿಂದಿನಿಂದ ಯಾರಾದರೂ ಗುದ್ದಿದರೆ ತಲೆಗೆ ಆಸರೆಯಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಆವತ್ತು ಕಾರಿನೊಳಗೇ ಸಿಕ್ಕಿಕೊಂಡು ಸತ್ತವರಿದ್ದಾರೆ. ನೀರು ಏರುತ್ತಿದ್ದರೆ ಮೊದಲು ಬೆಲ್ಟ್ ಬಿಚ್ಚಿ, ಕರೆಂಟ್ ಇರುವಾಗಲೇ ಗಾಜು ಇಳಿಸಿ. ಒಡೆಯಲೇಬೇಕಾದರೆ ಪಕ್ಕದ ಗಾಜಿನ ಮೂಲೆಗೆ ಚೂಪಾದದ್ದರಿಂದ ಹೊಡೆಯಿರಿ. ಮುಂದಿನ ಗಾಜು ಎರಡು ಪದರದ್ದು, ಸೀಳುತ್ತದೆ, ಬೀಳಲ್ಲ. ಒಂದು ಸಣ್ಣ ಸುತ್ತಿಗೆ ಕೈಗೆಟಕುವಲ್ಲಿ ಇಡಿ, ಡಿಕ್ಕಿಯಲ್ಲಲ್ಲ. ಎಂಜಿನ್ ನೀರಿನಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗೆ ಹೋದ ನೀರು ಗಾಳಿಯ ಹಾಗೆ ಕುಗ್ಗಲ್ಲ, ಒಳಗಿನ ಕಬ್ಬಿಣವೇ ಬಗ್ಗುತ್ತದೆ.

ಎಕ್ಸ್‌ಪ್ರೆಸ್‌ವೇಯಲ್ಲಿ 80 ದಾಟಿದರೆ ಬೀಪ್ ಬೀಪ್. ತಲೆ ಚಿಟ್ಟು ಹಿಡಿಯುತ್ತದೆ. ತೆಗೆಸಬಹುದಾ?

ತೆಗೆಸಬೇಡಿ. 2019ರ ಜುಲೈ 1ರಿಂದ ಮಾಡಿದ ಕಾರುಗಳಿಗೆಲ್ಲ ಇದು ಕಡ್ಡಾಯ: 80 ದಾಟಿದರೆ ಆಗಾಗ, 120 ದಾಟಿದರೆ ನಿಲ್ಲದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಸಮತಟ್ಟು ಭಾಗದಲ್ಲಿ ಕಾರಿಗೆ 100ರ ಮಿತಿ ಇರುವಾಗ 80ಕ್ಕೇ ಕೂಗುವುದು ಅತಿಯಾಯಿತು, ಒಪ್ಪುತ್ತೇನೆ. ತಪ್ಪು ಮಾಡದಿದ್ದರೂ ಬೈಯುವ ಮೇಷ್ಟರ ಮಾತಿಗೆ ಕಿವಿ ಕಿವುಡಾಗುತ್ತದಲ್ಲ, ಹಾಗಾಗಿದೆ.

ಹಿಂದಿನ ಸೀಟಿನ ಬೆಲ್ಟ್ ಕೊಕ್ಕೆ ಸಿಗೋದೇ ಇಲ್ಲ.

ಸೀಟ್ ಕವರ್ ಹಾಕಿಸಿದ್ದೀರಾ? ಹಾಗಾದರೆ ಅದರ ಕೆಳಗಿದೆ. ಕವರ್ ಇಲ್ಲದ ಕಾರಿನಲ್ಲೂ ಕೊಕ್ಕೆ ಸೀಟಿನ ಸಂದಿಯಲ್ಲಿ ಹೂತಿರುತ್ತದೆ, ಮೂರು ಜನ ಕೂತರೆ ಒಬ್ಬರ ಸೊಂಟದ ಕೆಳಗೆ ಇನ್ನೊಬ್ಬರು ಕೈಹಾಕಿ ಹುಡುಕಬೇಕು. ಮುಜುಗರಕ್ಕೆ ಯಾರೂ ಹಾಕಿಕೊಳ್ಳಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು. ಕಾರು ಸಣ್ಣದೇನಲ್ಲ. ಕವರ್ ಹೊಲಿಸುವಾಗ ಕೊಕ್ಕೆಗೆ ಬಾಯಿ ಬಿಡಿಸಿ. ಸೀಟಿನ ಪಕ್ಕೆಯಲ್ಲಿ ಏರ್‌ಬ್ಯಾಗ್ ಇದ್ದರೆ ಸಾಧಾರಣ ಕವರ್ ಹಾಕಿಸಲೇಬೇಡಿ.

ತಿರುವಿನಲ್ಲಿ ಮುಂದಿನ ಕಂಬ ಅಡ್ಡ ಬಂದು ಬೈಕ್‌ನವರು ಕಾಣಲ್ಲ.

ಕಾರು ಮಗುಚಿದಾಗ ಚಾವಣಿ ಕುಸಿಯಬಾರದು, ಒಳಗೆ ಏರ್‌ಬ್ಯಾಗ್ ಕೂರಬೇಕು, ಅದಕ್ಕೇ ಕಂಬ ದಪ್ಪ. ಇದು ಬೇಕಾದ ಎಡವಟ್ಟು. ತಿರುಗುವ ಮುಂಚೆ ಸೀಟಿನಲ್ಲೇ ಮುಂದೆ ಬಗ್ಗಿ, ಪಕ್ಕಕ್ಕೆ ವಾಲಿ ನೋಡಿ. ಕೋಳಿ ಕತ್ತು ಆಡಿಸಿದ ಹಾಗೆ ಕಾಣುತ್ತದೆ, ಕಾಣಲಿ ಬಿಡಿ.

ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತದೆ.

ಯುರೋಪಿನ ಕಂಪನಿಯ ಕಾರು ತಗೊಂಡಿದ್ದೀರಿ. ಅವರಲ್ಲಿ ಇಂಡಿಕೇಟರ್ ಕಡ್ಡಿ ಎಡಕ್ಕೆ, ನಮ್ಮ ಮಾಮೂಲಿ ಕಾರುಗಳಲ್ಲಿ ಬಲಕ್ಕೆ. ಎರಡು ವಾರದಲ್ಲಿ ರೂಢಿಯಾಗುತ್ತದೆ. ಮನೆಯಲ್ಲಿ ಎರಡೂ ಥರದ ಕಾರಿದ್ದರೆ ಜನ್ಮಪೂರ್ತಿ ಆಗಲ್ಲ.

ಪೆಟ್ರೋಲ್ ಮುಚ್ಚಳ ಯಾವ ಕಡೆ ಅಂತ ಬಂಕ್‌ನಲ್ಲಿ ಪ್ರತಿ ಸಲ ಗೊಂದಲ.

ಇಂಧನದ ಮುಳ್ಳಿನ ಹತ್ತಿರ ಪುಟ್ಟ ಬಾಣದ ಗುರುತಿದೆ ನೋಡಿ. ಅದು ತೋರಿಸುವ ಕಡೆಗೆ ಮುಚ್ಚಳ. ಫೋರ್ಡ್‌ನಲ್ಲಿ ಕೆಲಸಕ್ಕಿದ್ದ ಜಿಮ್ ಮೊಯ್ಲನ್ 1986ರಲ್ಲಿ ಮಳೆಯಲ್ಲಿ ನೆನೆದು ಬಂದು ಬರೆದು ಕೊಟ್ಟ ಸಲಹೆ ಅದು.

ರಿಮೋಟ್ ಕೀ ಬ್ಯಾಟರಿ ಸತ್ತರೆ ಹೊರಗೇ ನಿಲ್ಲಬೇಕಾ?

ಬೇಡ. ರಿಮೋಟ್‌ನೊಳಗೇ ಒಂದು ಕಬ್ಬಿಣದ ಕೀ ಅಡಗಿರುತ್ತದೆ, ಪಕ್ಕದ ಗುಂಡಿ ಒತ್ತಿ ಎಳೆಯಿರಿ. ಕೀ ತೂತು ಕಾಣದಿದ್ದರೆ ಡ್ರೈವರ್ ಬಾಗಿಲಿನ ಹಿಡಿಕೆಯ ಮುಚ್ಚಳದ ಹಿಂದೆ ಹುಡುಕಿ. ಒಳಗೆ ಹೋದ ಮೇಲೆ ಸುಮಾರು ಕಾರುಗಳಲ್ಲಿ ಆ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಕಾರು ಶುರುವಾಗುತ್ತದೆ. ಶೋರೂಮಿನಲ್ಲಿ ಹಾರ ಹಾಕಿ ಫೋಟೋ ತೆಗೆಯುವವರು ಇದನ್ನು ಹೇಳಲ್ಲ.

ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುತ್ತದೆ. ಅದು ಬೇಡ ಅಂದರೆ ದಿನಾ ಬಟನ್ ಒತ್ತಿ ನಿಲ್ಲಿಸಬೇಕಾ?

ಹೌದು, ದಿನಾ. ಇದರ ಬೇರು ನಮ್ಮ ಮನೆ ಹತ್ತಿರದ ಗುಡ್ಡದಲ್ಲಿದೆ. ಕೋಥ್ರೂಡ್‌ನ ಟೇಕಡಿಯಲ್ಲಿ 1966ರಲ್ಲಿ ಶುರುವಾದ, ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಇದೆ. ಜಾಹೀರಾತಿನಲ್ಲಿ ಬರುವ ಮೈಲೇಜ್ ಅಂಕಿಗೆ ಜನ ಇಟ್ಟ ಹೆಸರೂ ಅದೇ. ಅಂಥ ಪರೀಕ್ಷೆಯಲ್ಲಿ ಕಾರು ರಸ್ತೆ ಮೇಲೆ ಓಡಲ್ಲ, ರೋಲರ್ ಮೇಲೆ ಗೊತ್ತುಮಾಡಿದ ಲಯದಲ್ಲಿ ಓಡುತ್ತದೆ. ಎಸಿ ಹಾಕಿರಲ್ಲ. ನಡುನಡುವೆ ನಿಲ್ಲುತ್ತದೆ, ಆಗ ಎಂಜಿನ್ ಆಫ್ ಆದರೆ ಅಂಕಿ ಚೆನ್ನಾಗಿ ಬರುತ್ತದೆ. ಹಾಗಾಗಿ ಕಾರು ಶುರುವಾದಾಗಲೆಲ್ಲ ಈ ತಾನೇ ಆಫ್ ಆಗುವ ವ್ಯವಸ್ಥೆಯೂ ಆನ್ ಆಗಿಯೇ ಇರುತ್ತದೆ. ಹಿಂಜವಡಿ ಟ್ರಾಫಿಕ್‌ನಲ್ಲಿ ಎರಡಡಿ ಚಲಿಸಿ ಮತ್ತೆ ನಿಲ್ಲುವವರಿಗೆ ಅದು ಬರೀ ರಗಳೆ. ಆಫ್ ಮಾಡಿಕೊಳ್ಳಿ, ಏನೂ ತಪ್ಪಿಲ್ಲ.

ಇದನ್ನೆಲ್ಲ ಎಲ್ಲಿ ದೂರಬೇಕು?

ಡಿಕ್ಕಿ ಚಿಕ್ಕದು, ಗಾಜು ಇಳಿಯಲ್ಲ ಅಂತ ದೂರಿದರೆ ಯಾರೂ ಕೇಳಲ್ಲ, ನೋಡಿಯೇ ಕೊಂಡಿದ್ದೀರಿ. ಹೇಳಿದ್ದೊಂದು ಕೊಟ್ಟದ್ದೊಂದು ಆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯವಾಗುವ ದೋಷವಿದ್ದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಮಿನ ಪ್ರಕಾರ ಸರ್ಕಾರವೇ ಕಾರುಗಳನ್ನು ವಾಪಸ್ ಕರೆಸಿ ಸರಿಮಾಡಿಸಲು ಆದೇಶ ಕೊಡಬಹುದು.

ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು?

ಒಬ್ಬರೇ ಹೋಗಬೇಡಿ. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ, ಊರಿಗೆ ಒಯ್ಯುವ ದೊಡ್ಡ ಬ್ಯಾಗನ್ನೂ ತಗೊಂಡು ಹೋಗಿ. ಶೋರೂಮಿನವರು ನಗುತ್ತಾರೆ, ನಗಲಿ. ಅಜ್ಜಿ ತಾವೇ ಹತ್ತಿ ಇಳಿಯಲಿ. ಮಗು ಹಿಂದಿನ ಬಾಗಿಲನ್ನು ತಾನೇ ತೆರೆಯಲಿ, ಈಗ ಕೆಲವು ಕಾರಿನಲ್ಲಿ ಹಿಡಿಕೆ ಕಿಟಕಿಯ ಪಕ್ಕ ಅಷ್ಟೆತ್ತರಕ್ಕಿದೆ. ಸೊಸೈಟಿಯ ಸ್ಪೀಡ್ ಬ್ರೇಕರ್ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ದಾಟಿಸಿ. ಪುಸ್ತಕದ ಪ್ರಕಾರ ಉಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ನಿಮ್ಮ ಗೇಟಿನದ್ದು ಯಾರೋ ಮೇಸ್ತ್ರಿಯ ಮನಸ್ಸಿಗೆ ಬಂದ ಅಳತೆ.

ನಿಮ್ಮ ಹತ್ತಿರ ಯಾವ ಕಾರಿದೆ?

ಎಲ್ಲರೂ ಕೊನೆಗೆ ಕೇಳುವುದು ಇದನ್ನೇ. ಹೆಸರು ಹೇಳಲ್ಲ, ಹೇಳಿದರೆ ನಾಳೆ ಹತ್ತು ಜನ ಅದನ್ನೇ ಕೊಂಡು ನನ್ನನ್ನು ಬೈಯುತ್ತೀರಿ. ಹಿಂದಿನ ಗಾಜು ಈಗಲೂ ಗದ್ದದ ಮಟ್ಟಕ್ಕೇ ನಿಲ್ಲುತ್ತದೆ. ಊರಿಗೆ ಹೋಗುವಾಗ ಅವ್ವ ಮುಂದೆ ಕೂರುತ್ತಾಳೆ, ಹೆಂಡತಿ ಹಿಂದೆ. ಮುಂದಿನ ಗಾಜು ಪೂರ್ತಿ ಇಳಿಯುತ್ತದೆ.